ಹೆಜ್ಜಿ ಕಡಬು

ಜೂನ್ ೧೪, ಶನಿವಾರ

ನುಜ್ಹತ ಫೋನ್ ಮಾಡಿ "ಏನರ ಬರಿ" ಅಂದಳು. ಏನು ಬರೆಯಲಿ ಅಂದೆ. "ಊಟಕ್ಕ ಏನಿತ್ತು ಅಂತಾದ್ರೂ ಬರಿ ಸವಿತಾ, ಮನಸ್ಸು ಹಗುರ ಆಗ್ತದ" ಅಂದಳು. ಅವಳು ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾಳೆ. ಯಾವುದನ್ನು ಎಷ್ಟು ಹಾಕಿದರೆ ಏನಾಗುತ್ತದೆ ಅನ್ನುವುದರ ಮೇಲೆ ಅವಳಿಗೆ ಬಹಳ ನಂಬಿಕೆ.

ಊಟಕ್ಕೆ ಮೆತ್ತನೆಯ ಅನ್ನ, ಬೆಳ್ಳುಳ್ಳಿ ಸಾರು ಇತ್ತು. ಮನಸ್ಸು ಮೊದಲು ಎಲ್ಲಿತ್ತೋ ಅಲ್ಲೇ ಇದೆ.

ಜೂನ್ ೧೬, ಸೋಮವಾರ

ಮಂಚದ ಮೇಲೆಯೇ ಇದ್ದೆ.

ಜೂನ್ ೧೯, ಗುರುವಾರ

ಬರೆಯುವುದಾದರೆ ನೆಟ್ಟಗೆ ಬರೆಯಬೇಕು. ಮೇ ತಿಂಗಳಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಕೂಸು. ನೋವು ಎಷ್ಟು ಬಂದರೂ ಅದರ ತಲೆ ಕೆಳಗೆ ಇಳಿಯಲಿಲ್ಲ. ಹೊಟ್ಟೆ ಕೊಯ್ದು ತೆಗೆಯುವಷ್ಟರಲ್ಲಿ ಅದು ಹೋಗಿತ್ತು. "ಯಾರ ತಪ್ಪೂ ಇಲ್ಲಮ್ಮ, ನಿಮ್ಮ ಸೊಂಟದ ಎಲುಬಿನ ದಾರಿ ಇಕ್ಕಟ್ಟು" ಅಂದರು ಡಾಕ್ಟರಮ್ಮ. ನನಗೆ ಎಚ್ಚರ ಬರುವ ಹೊತ್ತಿಗೆ ಅತ್ತೆ ಮತ್ತು ದೇವು ಅದನ್ನು ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದ್ದರು. ನಾನು ಅದನ್ನು ನೋಡಲಿಲ್ಲ.

(ದೇವು ನನ್ನ ಗಂಡ. ಬರೆಯುವಾಗ ಹೆಸರು ಹಿಡಿಯಬಹುದು, ಯಾರು ಕೇಳಬೇಕು.)

ನಗು ಬರಬೇಕಾದ ಮಾತೊಂದಿದೆ. ನಾನು ಶಹಾಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ನಮ್ಮ ಪೂರ್ವಜರು ಎರಡು ಕಾಲಿನ ಮೇಲೆ ಎದ್ದು ನಿಂತದ್ದು ಹೇಗೆ ಅನ್ನುವ ಪಾಠ ಪ್ರತಿ ವರ್ಷ ಮಾಡುತ್ತೇನೆ. ನಾಲ್ಕು ಕಾಲಿನಲ್ಲಿ ಓಡಾಡುವಾಗ ಉದ್ದವಾಗಿದ್ದ ಸೊಂಟದ ಎಲುಬು, ಎದ್ದು ನಡೆಯಲು ಶುರು ಮಾಡಿದ ಮೇಲೆ ಗಿಡ್ಡವಾಗಿ ಬೋಗುಣಿಯ ಹಾಗಾಯಿತು. ಎಷ್ಟೋ ಲಕ್ಷ ವರ್ಷದ ಮೇಲೆ ತಲೆ ದೊಡ್ಡದಾಯಿತು. ದಾರಿ ಸಣ್ಣದು, ತಲೆ ದೊಡ್ಡದು. ಅದಕ್ಕೇ ಮನುಷ್ಯರಲ್ಲಿ ಹೆರಿಗೆ ಇಷ್ಟು ಕಷ್ಟ ಅನ್ನುತ್ತಾರೆ, ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ನಾಲ್ಕು ಅಂಕದ ಪ್ರಶ್ನೆ. ಹುಡುಗರಿಗೆ ಚಿತ್ರ ಬರೆಸಿ ಬಾಯಿಪಾಠ ಮಾಡಿಸಿದ್ದೇನೆ. ಆಗ ಒಮ್ಮೆಯೂ ನನ್ನ ಸೊಂಟದ ನೆನಪು ಬರಲಿಲ್ಲ.

ಜೂನ್ ೨೩, ಸೋಮವಾರ

ಅತ್ತೆ ನನ್ನ ಮುಖ ನೋಡುತ್ತಿಲ್ಲ. ಇದು ನನಗೆ ಇವತ್ತು ಖಚಿತವಾಯಿತು.

ದಿನಾ ಬೆಳಿಗ್ಗೆ ಗಂಜಿ ತಂದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ. ನಾನು ಕಾಲು ಇಳಿಬಿಟ್ಟು ಕೂತ ಮಂಚದ ಹತ್ತಿರ ಬಂದು ಕೋಲು ಊರಿ ನಿಲ್ಲುತ್ತಾರೆ. ನನ್ನ ಕಾಲು ನೋಡುತ್ತಾರೆ. "ಉಣ್ಣವ್ವ" ಅನ್ನುತ್ತಾರೆ, ಹೋಗುತ್ತಾರೆ. ಮೊದಲು ಒಲೆಯ ಮುಂದೆ ಎದುರುಬದುರು ಕೂತು ಅವರು ರೊಟ್ಟಿ ಬಡಿಯುವಾಗ ನಮ್ಮ ಮಾತಿಗೆ ಮುಗಿತಾಯ ಇರಲಿಲ್ಲ. ದೇವು ಬಂದು "ಹಸದೀನಿ, ಇಬ್ರೂ ಬಾಯಿ ಮುಚ್ರಿ" ಅನ್ನಬೇಕಿತ್ತು.

ಸಂಜೆ ದೇವುಗೆ ಕೇಳಿದೆ, "ಅತ್ತಿ ಏನಂತಾರ?"

"ಏನೂ ಅನ್ನಂಗಿಲ್ಲ."

"ಏನೂ?"

"ಏನೂ ಅಂದಿಲ್ಲ ಸವಿತಾ." ಡಿಪೋದಿಂದ ಬಂದವನು ಖಾಕಿ ಅಂಗಿಯಲ್ಲೇ ನಿಂತಿದ್ದ. ಬಸ್ಸು ನಡೆಸುವಾಗ ಹಾರ್ನ್ ಕೂಡ ಒತ್ತದ ಡ್ರೈವರ್ ಅಂತ ಅವನಿಗೆ ಹೆಸರಿದೆ. ಅವನಿಂದ ಹೆಚ್ಚಿನದೇನೂ ಹೊರಡುವುದಿಲ್ಲ ಅಂತ ಬಿಟ್ಟೆ.

ಜೂನ್ ೨೬, ಗುರುವಾರ

ಮಗ್ಗುಲ ಮನೆಯ ಸಾಯಬಮ್ಮ ಬಂದಿದ್ದಳು. ಬಂದವರೆಲ್ಲ ಕೂಡುವ ಜಾಗದಲ್ಲಿ, ಬಾಗಿಲ ಪಕ್ಕ ಕೂತು, ಬಂದವರೆಲ್ಲ ಹೇಳುವುದನ್ನೇ ಹೇಳಿದಳು. ಮುಂದಿನ ವರ್ಷ ಮತ್ತೆ ಆಗುತ್ತದೆ, ದೇವರು ಕಣ್ಣು ಬಿಡುತ್ತಾನೆ. ಆಮೇಲೆ ಅತ್ತೆಯ ಕಡೆ ತಿರುಗಿ ಹೊಸದೊಂದು ಹೇಳಿದಳು.

"ಭೀಮಕ್ಕ, ನಾ ಆವಾಗ್ಲೇ ಅಂದಿದ್ದೆ. ಎಂಟು ತುಂಬಿದ ಬಸುರಿ ಬಸ್ಸಿನಾಗ ನಿಂತ್ಕೊಂಡು ಶಹಾಪುರಕ್ಕ ಹೋಗಿ ಬಂದ್ರ ಕೂಸು ಸಿಗಿಬೀಳದ ಏನ್ ಮಾಡ್ತದ?"

ನಿಂತದ್ದಕ್ಕೆ ಕೂಸು ಸಿಕ್ಕಿಬೀಳುವುದಿಲ್ಲ. ಅದು ಸುಳ್ಳು ಅಂತ ಹೇಳುವುದಕ್ಕೆ ನನ್ನ ಬಳಿ ಡಿಗ್ರಿ ಇದೆ. ಆದರೆ ನಾನು ಅತ್ತೆಯ ಮಾತಿಗೆ ಕಾದೆ. ಅವರು ನೆಲ ನೋಡುತ್ತ ಸುಮ್ಮನಿದ್ದರು. ಆಮೇಲೆ ಚಹಾ ಮಾಡಲು ಹೋದರು.

ಅಂದರೆ ಅವರಿಗೂ ಹಾಗೇ ಅನ್ನಿಸಿದೆ. ಗೊತ್ತಾದದ್ದು ಒಳ್ಳೆಯದಾಯಿತು. ಎದೆ ಬಡಿದುಕೊಳ್ಳುತ್ತದೆ ಅಂದುಕೊಂಡೆ, ಏನೂ ಆಗಲಿಲ್ಲ. ಗೋಡೆಯ ಸುಣ್ಣ ಎಲ್ಲಿ ಉದುರಿದೆ ಅಂತ ನೋಡುತ್ತ ಮಲಗಿದೆ.

ಜುಲೈ ೨, ಬುಧವಾರ

ನುಜ್ಹತ ಮನೆಗೇ ಬಂದಳು. ಖರ್ಜೂರ ತಂದಿದ್ದಳು. ಪ್ರಿನ್ಸಿಪಾಲರು ನನ್ನ ಪಿರಿಯಡ್‌ಗೆ ಯಾರನ್ನೂ ತೆಗೆದುಕೊಂಡಿಲ್ಲವಂತೆ, ಆದರೆ ಆಗಸ್ಟ್‌ವರೆಗೆ ಮಾತ್ರ ಕಾಯುತ್ತಾರಂತೆ. ಆಗಸ್ಟ್‌ನಲ್ಲಿ ಆ ಪಾಠ ಬರುತ್ತದೆ.

"ಹುಡುಗೀರು ಕೇಳಾಕತ್ಯಾರ, ಬೂದಿ ಕ್ಲಾಸ್ ಯಾವಾಗ್ರಿ ಅಂತ. ನನಗ ಬೂದಿ ಅಂದ್ರ ಪೊಟ್ಯಾಶಿಯಂ ಕಾರ್ಬೊನೇಟ್ ಅಷ್ಟ ಗೊತ್ತದ."

ಬೂದಿ ಕ್ಲಾಸ್ ನನ್ನದೇ ಹುಚ್ಚು. ಆಫ್ರಿಕಾದಲ್ಲಿ ಒಂದು ಕಡೆ, ಮೂವತ್ತಾರು ಲಕ್ಷ ವರ್ಷದ ಹಿಂದೆ, ಜ್ವಾಲಾಮುಖಿಯ ಹಸಿ ಬೂದಿಯ ಮೇಲೆ ಯಾರೋ ನಡೆದುಹೋದರು. ಆ ಹೆಜ್ಜೆಗಳು ಗಟ್ಟಿಯಾಗಿ ಹಾಗೇ ಉಳಿದಿವೆ. ಹೆಬ್ಬೆರಳು ಮಂಗನ ಹಾಗೆ ಪಕ್ಕಕ್ಕೆ ಚಾಚಿಲ್ಲ, ಉಳಿದ ಬೆರಳುಗಳ ಜೊತೆಗೇ ಮುಂದೆ ನೋಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೆ ನಾನು ಪ್ರತಿ ವರ್ಷ ಕಾಲೇಜಿನ ಪಡಸಾಲೆಯಲ್ಲಿ ಉದ್ದಕ್ಕೆ ಒಲೆಯ ಬೂದಿ ಹರವಿ, ನೀರು ಚಿಮುಕಿಸಿ, ಎಲ್ಲರನ್ನೂ ಬರಿಗಾಲಲ್ಲಿ ನಡೆಸುತ್ತೇನೆ. ಬೂದಿ ನಮ್ಮ ಮನೆಯದು. ಅತ್ತೆ ಬೇಸಿಗೆಯಿಂದ ಕೂಡಿಟ್ಟು, ಸೋಸಿ, ಚೀಲ ಕಟ್ಟಿ ಕೊಡುತ್ತಿದ್ದರು. "ಕಾಲೇಜಿನಾಗ ಭಾಂಡಿ ತಿಕ್ಕೋದ ಕಲಸ್ತೀಯೇನ" ಅಂತ ನಗುತ್ತಿದ್ದರು.

ನುಜ್ಹತಗೆ, ನೋಡೋಣ ಅಂದೆ. ಬರುವುದಿಲ್ಲ ಅನ್ನುವುದಕ್ಕಿಂತ ಅದು ಚಿಕ್ಕದಾಗಿತ್ತು. ಅವಳನ್ನು ಅಂಗಳದವರೆಗೆ ಕಳಿಸಿ ಬಂದೆ.

ಜುಲೈ ೮, ಮಂಗಳವಾರ

ನಾಟಿ ಶುರುವಾಗಿದೆ. ಬೆಳಿಗ್ಗೆಯೇ ಹೆಂಗಸರು ಟಂಟಂ ಆಟೋದಲ್ಲಿ ತುಂಬಿಕೊಂಡು ಗದ್ದೆಗೆ ಹೋದರು. ಅತ್ತೆ ಕಟ್ಟೆಯ ಮೇಲೆ ಕೂತು ಅವರ ಸದ್ದು ಕೇಳುತ್ತಿದ್ದರು. ಕಾಲುವೆ ನೀರು ಬಂದ ಕಾಲದಿಂದ ಅವರು ಈ ಸುತ್ತಿನ ಗದ್ದೆಗಳಲ್ಲೆಲ್ಲ ಸಸಿ ಹಚ್ಚಿದವರು. ಸಸಿ ಹಚ್ಚುವವರು ಬಗ್ಗಿಕೊಂಡು ಹಿಂದೆ ಹಿಂದೆ ನಡೆಯಬೇಕು, ಮುಂದೆ ನಡೆದರೆ ಹಚ್ಚಿದ್ದನ್ನೇ ತುಳಿದಂತಾಗುತ್ತದೆ. ಹಾಗೆ ಬಗ್ಗಿದ ಸೊಂಟ ಒಂದು ವರ್ಷ ಮತ್ತೆ ಮೇಲೆ ಏಳಲೇ ಇಲ್ಲ, ಅಷ್ಟೇ. ಈಗ ಅವರು ನಡೆಯುವಾಗ ಬೆನ್ನು ಮಾಳಿಗೆಯ ಹಾಗೆ ಚಪ್ಪಟೆ. ಓಣಿಯಲ್ಲಿ ಎದುರು ಬಂದವರನ್ನು ಚಪ್ಪಲಿ ನೋಡಿ ಗುರುತು ಹಿಡಿದು ಮಾತಾಡಿಸುತ್ತಾರೆ.

ನೆಟ್ಟಗೆ ನಿಲ್ಲುವುದಕ್ಕೆ ಮನುಷ್ಯನಿಗೆ ಅರವತ್ತು ಲಕ್ಷ ವರ್ಷ ಬೇಕಾಯಿತು ಅಂತ ಪಾಠದಲ್ಲಿ ಹೇಳುತ್ತೇನೆ. ಬಗ್ಗಿಸುವುದಕ್ಕೆ ಕೆಲವು ಮಳೆಗಾಲ ಸಾಕು. ಇದು ಪಾಠದಲ್ಲಿಲ್ಲ.

ನಾನು ಅವರ ಪಕ್ಕ ನಿಂತಿದ್ದೆ. ಅವರು ನನ್ನ ಕಾಲು ನೋಡಿದರು. ಒಳಗೆ ಬಂದೆ.

ಜುಲೈ ೧೩, ಭಾನುವಾರ

ಸಾಯಬಮ್ಮನ ಮೊಮ್ಮಗ ನಿನ್ನೆ ಹೆಜ್ಜೆ ಹಾಕಿದನಂತೆ. ನಮ್ಮಲ್ಲಿ ಕೂಸು ಮೊದಲ ಹೆಜ್ಜೆ ಹಾಕಿದರೆ ಕಡಬು ಮಾಡಿ ಓಣಿಗೆಲ್ಲ ಹಂಚುತ್ತಾರೆ, ಹೆಜ್ಜಿ ಕಡಬು ಅಂತ. ಹಂಚದಿದ್ದರೆ ಕೂಸು ಎಡವುತ್ತದೆ ಅನ್ನುತ್ತಾರೆ. ಸಾಯಬಮ್ಮ ತಟ್ಟೆ ಹಿಡಿದು ಬಂದಳು, ನಮ್ಮ ಹೊಸ್ತಿಲ ಹತ್ತಿರ ಕಾಲು ತಡೆಯಿತು. ಕೊಟ್ಟರೆ ಕಷ್ಟ, ಬಿಟ್ಟರೆ ಕಷ್ಟ. ಅವಳ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಎದ್ದು ಹೋಗಿ ತಟ್ಟೆ ಇಸಿದುಕೊಂಡೆ.

ಕೂಸು ಮೊದಲು ಅಂಬೆಗಾಲು, ಆಮೇಲೆ ಗೋಡೆ ಹಿಡಿದು, ಆಮೇಲೆ ಕೈ ಬಿಟ್ಟು. ಬೆನ್ನಿನ ಬಳುಕು ಹುಟ್ಟುವಾಗಲೇ ಪೂರ್ತಿ ಇರುವುದಿಲ್ಲ, ತಲೆ ಎತ್ತಿ, ಕೂತು, ನಿಂತು ನಡೆದಂತೆ ಮೂಡುತ್ತ ಹೋಗುತ್ತದೆ. ನಮ್ಮದಕ್ಕೆ ಮೂಡಲೇ ಇಲ್ಲ.

ಕಡಬು ತಿನ್ನಲಿಲ್ಲ. ಅತ್ತೆಯೂ ತಿನ್ನಲಿಲ್ಲ, ಮುಚ್ಚಿಟ್ಟರು. ಸಂಜೆ ದೇವು ತಿಂದ, ಯಾರದು ಅಂತ ಕೇಳಲಿಲ್ಲ.

ಜುಲೈ ೧೮, ಶುಕ್ರವಾರ

ಇವತ್ತೂ ಏನೂ ಮಾಡಲಿಲ್ಲ. ಕಾಲುವೆಯ ದಂಡೆಯವರೆಗೆ ಹೋಗಿದ್ದೆ, ಅಲ್ಲೂ ಏನೂ ಇರಲಿಲ್ಲ. ನೀರು ಕೆಂಪಗಿತ್ತು. ದಂಡೆಯ ಹಸಿ ಮಣ್ಣಿನಲ್ಲಿ ಕೊಕ್ಕರೆಯ ಹೆಜ್ಜೆ, ನಾಯಿಯದು, ಯಾರೋ ಹೆಂಗಸಿನದು. ಹೆಂಗಸಿನ ಹೆಜ್ಜೆಯಲ್ಲಿ ಹಿಮ್ಮಡಿ ಆಳ ಹೋಗಿತ್ತು, ತಲೆಯ ಮೇಲೆ ಹೊರೆ ಇದ್ದಿರಬೇಕು. ಹೊತ್ತು ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಬಂದು ಕಾಲು ತೊಳೆಯದೆ ಮಲಗಿದೆ.

ಜುಲೈ ೨೪, ಗುರುವಾರ

ಕೆಂಭಾವಿಯಿಂದ ಅಣ್ಣ ಫೋನ್ ಮಾಡಿದ್ದ. ನಾಗರ ಪಂಚಮಿಗೆ ಕರೆಯಲು ಭಾನುವಾರ ಬರುತ್ತಾನಂತೆ.

"ಅವ್ವ ಇದ್ದಿದ್ರ ಬಾಣಂತನ ಇಲ್ಲೇ ಆಗ್ತಿತ್ತು. ಈಗರ ಬಾ. ಪಂಚಮಿ ಆದ್ಮ್ಯಾಲೂ ನಿನಗ ಬೇಕಾದಷ್ಟ ದಿನ ಇರು ತಂಗಿ. ಯಾರೂ ಕೇಳಂಗಿಲ್ಲ."

ಹೂಂ ಅಂದೆ. ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಇದರಲ್ಲಿ ಜಗಳವೇನೂ ಇಲ್ಲ. ಮೊಮ್ಮಗಳನ್ನು ಕೊಲ್ಲುವ ಸೊಂಟದವಳು ಅಂತ ಒಬ್ಬರು ನನ್ನ ಮುಖ ನೋಡದೆ ಗಂಜಿ ಹಾಕುತ್ತಿರುವಾಗ ನಾನು ಎಷ್ಟು ದಿನ ಉಣ್ಣಲಿ. ಕಾಲೇಜಿಗೂ ಬರುವುದಿಲ್ಲ ಅಂತ ನುಜ್ಹತಗೆ ಕೆಂಭಾವಿಗೆ ಹೋದ ಮೇಲೆ ಹೇಳಿದರಾಯಿತು. ದೇವುಗೆ ಹೇಳುವುದು ಹೇಗೆ ಅಂತ ಯೋಚಿಸಿದೆ. ಯೋಚನೆ ಮುಂದೆ ಹೋಗಲಿಲ್ಲ.

ಬ್ಯಾಗಿಗೆ ಸೀರೆ ತುಂಬಿದೆ. ಬ್ಯಾಗನ್ನು ಮಂಚದ ಕೆಳಗೆ ತಳ್ಳಿದೆ.

ಜುಲೈ ೨೭, ಭಾನುವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕೆಂಭಾವಿಯಿಂದ ಅಂಬ್ರಪ್ಪಣ್ಣ ಬೆಳಿಗ್ಗೆಯೇ ಬಂದ. ಹೊರಗೆ ಕಟ್ಟೆಯ ಮೇಲೆ ದೇವು ಜೊತೆ ಚಹಾ ಕುಡಿಯುತ್ತ ಕೂತಿದ್ದ. ನಾನು ಬ್ಯಾಗ್ ತೆಗೆಯಲು ಹೋದೆ. ಅದು ಗೋಡೆಗೆ ಹತ್ತಿ ಕೂತಿತ್ತು, ಬಗ್ಗಿದರೆ ಕೈಗೆ ಸಿಗಲಿಲ್ಲ. ಈ ಮಂಚ ಸುಮ್ಮನೆ ಎತ್ತರ. ನಮ್ಮ ಕಡೆ ಬಾಣಂತಿಗೆ ನೆಲಕ್ಕೆ ಹತ್ತಿರದ ಹಗ್ಗದ ಹೊರಸು, ಕೆಳಗೆ ಕೆಂಡ. ತಗ್ಗಿನಿಂದ ಏಳಬಾರದು, ನೆಲಕ್ಕೆ ಕೂಡಬಾರದು, ಹೊಲಿಗೆ ಜಗ್ಗುತ್ತದೆ ಅಂತ ಡಾಕ್ಟರಮ್ಮ ಅಂದದ್ದಕ್ಕೆ ದೇವು ಈ ಕಬ್ಬಿಣದ್ದನ್ನು ತಂದಿದ್ದ. ಬೇರೆ ದಾರಿ ಇರಲಿಲ್ಲ, ನೆಲದ ಮೇಲೆ ಕೂತೆ. ಆಸ್ಪತ್ರೆಯಿಂದ ಬಂದ ಮೇಲೆ ನೆಲಕ್ಕೆ ಕೂತದ್ದು ಅದೇ ಮೊದಲು.

ಆಗ ಅತ್ತೆ ಪಂಚಮಿಯ ಉಂಡಿಯ ಡಬ್ಬಿ ಹಿಡಿದು ಒಳಗೆ ಬಂದರು. ನಾನು ತಲೆ ಎತ್ತಿದೆ. ಅವರ ಮುಖ ನನ್ನ ಮುಖದ ಎದುರಿಗೇ ಇತ್ತು.

"ಅಯ್ಯ ಯವ್ವಾ" ಅಂದರು. ಡಬ್ಬಿ ಇಟ್ಟು, ಕೋಲು ಬಿಟ್ಟು, ನನ್ನ ಮುಂದೆ ಕುಸಿದು ಕೂತರು. ಎರಡೂ ಕೈಯಿಂದ ನನ್ನ ಗಲ್ಲ ಹಿಡಿದರು. "ಎಷ್ಟ್ ದಿನ ಆಯ್ತವ್ವ ನಿನ್ನ ಮಾರಿ ಕಂಡು. ಎಷ್ಟ್ ಸೊರಗೀದಿ."

"ದಿನಾ ಬರ್ತೀರಲ್ರಿ ಅತ್ತಿ."

"ಬರ್ತೀನಿ, ಖರೆ. ಆ ಮಂಚದ ಮ್ಯಾಲ ನೀ ಎಲ್ಲಿ ಕಾಣ್ತಿ ನನಗ? ಕುತ್ತಿಗಿ ಎತ್ತಿದ್ರ ಕಣ್ಣಿಗೆ ಕತ್ತಲಿ ಬರ್ತದ. ಕಾಲಷ್ಟ ಕಾಣ್ತಾವ. ದೇವುಗ ಅಂದೆ, ಹೊರಸ ಹಾಕೋ ತಮ್ಮಾ, ನಾ ಮಗ್ಗಲದಾಗ ಕುಂದರ್ತೀನಿ ಅಂತ. ಡಾಕ್ಟರ್ ಬ್ಯಾಡಂದಾರ ಅಂದ. ಡಾಕ್ಟರ್ ಅಂದ ಮ್ಯಾಲ ನನ್ನ ಮಾತೇನದ?"

ನನಗೆ ಬಾಯಿಗೆ ಬಂದದ್ದು ಬೇರೆ. "ಸಾಯಬಮ್ಮ ಅಂದಾಗ ಸುಮ್ನಿದ್ರಿ. ನಾ ಬಸ್ಸಿನಾಗ ನಿಂತಿದ್ದಕ್ಕ ಹಿಂಗಾತು ಅಂತ ನಿಮಗೂ ಅನಸೇದ."

"ನಿನ್ನ ಮುಂದ ಮಾತಿಗೆ ಮಾತ ಬೆಳಸಿದ್ರ ಅದ ಮಾತ ನಿನ್ನ ಕಿವಿಗೆ ಮತ್ತ ಮತ್ತ ಬೀಳ್ತಿತ್ತು. ಹೊರಗ ಹೋದ ಮ್ಯಾಲ ಅಂಗಳದಾಗ ಹಿಡದ ಝಾಡಿಸೀನಿ ಅಕಿನ್ನ. ಕೇಳು ಬೇಕಾದ್ರ." ನನ್ನ ಗಲ್ಲ ಬಿಡದೆ ಅಂದರು, "ದೇವು ಹೊಟ್ಯಾಗಿದ್ದಾಗ ನಾ ದಿನಾ ಗದ್ಯಾಗ ಬಗ್ಗಿದ್ದೆ. ಅಂವ ಬರಲಿಲ್ಲೇನು? ನಿಂದ್ರದು ಬಗ್ಗದು ನಮ್ಮ ಕೈಯಾಗ ಅದ, ಇದು ಇಲ್ಲ."

"ಮತ್ತ ದಿನಾ ನನ್ನ ಕಾಲ ಯಾಕ ನೋಡ್ತಿದ್ರಿ?"

ಅವರು ನನ್ನ ಕಾಲ ಮೇಲೆ ಕೈ ಇಟ್ಟರು.

"ಬಾವು ಇಳದದ ಇಲ್ಲ ಅಂತ ನೋಡ್ತಿದ್ದೆ. ಆವತ್ತ ಕಾಲುವಿ ಮಣ್ಣ ಹತ್ತಿತ್ತು. ಹೊಂಟಾಳ ನಮ್ಮ ಹುಡುಗಿ ಅಂತ ಖುಷಿ ಆತು. ಮತ್ತ..." ಅವರ ಕೈ ನನ್ನ ಬೆರಳಿಗೆ ಬಂತು. "ಕೂಸಿಂದು ನಿನ್ನ ಕಾಲೇ. ಹೆಬ್ಬೆಟ್ಟಿಗಿಂತ ಮಗ್ಗಲದ ಬೆರಳ ಉದ್ದ. ಅರಬಿ ಸುತ್ತೋ ಮೊದ್ಲ ನೋಡೀನಿ. ನಾ ನೋಡೀನಿ, ಹೆತ್ತಾಕಿ ನೀ ನೋಡಿಲ್ಲ. ಹೆಂಗ ಹೇಳ್ಲಿ, ಇವತ್ತ ಹೇಳ್ತೀನಿ ನಾಳಿ ಹೇಳ್ತೀನಿ ಅಂತ ಬಂದ ನಿಂದ್ರತಿದ್ದೆ."

ನಾನು ನನ್ನ ಕಾಲು ನೋಡಿಕೊಂಡೆ. ಮದುವೆಯಲ್ಲಿ ಕಾಲುಂಗುರ ಹಾಕುವಾಗ ಎಲ್ಲರೂ ನಕ್ಕಿದ್ದ ಅದೇ ಉದ್ದನೆಯ ಬೆರಳು. ಕೂಸಿಗೆ ಇಂಥವೇ ಸಣ್ಣ ಎರಡು ಕಾಲು ಇದ್ದವು. ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬರಲಿಲ್ಲ, ಮನೆಯಲ್ಲಿ ಬರಲಿಲ್ಲ, ಇವತ್ತು ಬಂತು. ಅತ್ತೆಯೂ ಅತ್ತರು. ಅಣ್ಣ ಬಾಗಿಲವರೆಗೆ ಬಂದವನು ನೋಡಿ, ಹಾಗೇ ಹಿಂದೆ ಹೋಗಿ ದೇವುಗೆ ಇನ್ನೊಂದು ಕಪ್ ಚಹಾ ಕೇಳಿದ.

ಹೊರಡುವಾಗ ಅಂದೆ, "ಪಂಚಮಿ ಮುಗಿಸ್ಕೊಂಡ ಬರ್ತೀನ್ರಿ."

"ಬರ್ಲಾರದ ಏನ್ ಮಾಡ್ತಿ? ಬೂದಿ ಸೋಸಿ ಇಟ್ಟೀನಿ" ಅಂದರು.

ಜುಲೈ ೩೧, ಗುರುವಾರ

ಕೆಂಭಾವಿಯಿಂದ ಬಂದೆ. ಜೋಕಾಲಿ ಆಡಲಿಲ್ಲ, ಉಂಡಿ ತಿಂದೆ. ಮನೆಗೆ ಬಂದರೆ ಮಂಚ ಇಲ್ಲ, ಆ ಜಾಗದಲ್ಲಿ ಹೊರಸು ಇದೆ. ಮಂಚ ಎಲ್ಲಿ ಅಂದೆ. "ಅವ್ವ ಹೇಳಿದ್ಲು, ಡಾಕ್ಟರ್‌ಗೂ ಕೇಳ್ದೆ" ಅಂದ ದೇವು. ಅವನ ಮಟ್ಟಿಗೆ ಇದು ಭಾಷಣ.

ನುಜ್ಹತಗೆ ಸೋಮವಾರ ಬರುತ್ತೇನೆ ಅಂತ ಮೆಸೇಜ್ ಹಾಕಿದೆ. ಅವಳು ಫೋನಿಗೆ ಏನೇನೋ ನಗುಮುಖದ ಬೊಂಬೆ ಕಳಿಸಿದಳು.

ಆಗಸ್ಟ್ ೪, ಸೋಮವಾರ

ಬೂದಿ ಚೀಲ ಭಾರವಿತ್ತು. ನನಗೆ ಎತ್ತಲು ಬಿಡದೆ ಅತ್ತೆ ತಮ್ಮ ಬೆನ್ನ ಮೇಲೆ ಇಡಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದರು. "ಇದಕ್ಕರ ಉಪಯೋಗ ಆಗ್ಲಿ ಈ ಬೆನ್ನ" ಅಂದರು. ಬಸ್ಸಿನಲ್ಲಿ ಸೀಟು ಇರಲಿಲ್ಲ. ನಿಂತೇ ಹೋದೆ.

ಪಡಸಾಲೆಯಲ್ಲಿ ಬೂದಿ ಹರವಿದೆವು. ಹುಡುಗ ಹುಡುಗಿಯರು ಪ್ಯಾಂಟು ಮಡಚಿಕೊಂಡು ನಡೆದರು. ಹಿಮ್ಮಡಿ ಮೊದಲು, ಹೆಬ್ಬೆರಳು ಕೊನೆಗೆ, ನೋಡಿಕೊಳ್ಳಿ ಅಂದೆ. ಸೊಂಟದ ಚಿತ್ರ ಬರೆದೆ, ಇಕ್ಕಟ್ಟಾದ ದಾರಿಯನ್ನೂ ಬರೆದೆ. ಅಲ್ಲಿ ನೀರು ಕುಡಿದು ಮುಂದೆ ಹೋದೆ.

ಕೊನೆಯ ಬೆಂಚಿನ ಹುಡುಗಿ ಕೇಳಿದಳು. "ಮೇಡಂ, ಬೆನ್ನು ನೋವು, ಮೊಣಕಾಲು ನೋವು, ಹೆರಿಗಿ ಕಷ್ಟ. ಇಷ್ಟೆಲ್ಲ ತ್ರಾಸ ಇದ್ರ ಮತ್ತ ನಾಲ್ಕ ಕಾಲಿಗೆ ಯಾಕ ಹೋಗಲಿಲ್ಲರಿ ಅವರು?"

"ಕೈಯಾಗ ಏನೋ ಹಿಡಕೊಂಡಿದ್ರು ಅಂತಾರ. ಕಾಳೋ, ಕಲ್ಲೋ, ಕೂಸೋ. ಕೆಳಗ ಇಡಾಕ ಮನಸ್ಸು ಆಗಿರಂಗಿಲ್ಲ" ಅಂದೆ. ಇದು ನಾಲ್ಕು ಅಂಕಕ್ಕೆ ಬರುವ ಉತ್ತರವಲ್ಲ, ಬರೆದುಕೊಳ್ಳಬೇಡಿ ಅಂತಲೂ ಹೇಳಿದೆ.

ಎಲ್ಲರೂ ಹೋದ ಮೇಲೆ ನಾನೂ ಚಪ್ಪಲಿ ಬಿಟ್ಟು ಬೂದಿಯ ಮೇಲೆ ಒಂದು ಸುತ್ತು ನಡೆದೆ. ಬೆರಳು ಚೆನ್ನಾಗಿ ಮೂಡಿತ್ತು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಗುಡಿಸಿದೆ.

ಸಂಜೆ ಓಣಿಗೆ ಬಂದಾಗ ಬೆಲ್ಲದ ವಾಸನೆ ಇತ್ತು. ಅತ್ತೆ ಮೊರದಲ್ಲಿ ಕಡಬು ಹಿಡಿದು ಮನೆ ಮನೆಗೆ ಹಂಚುತ್ತ ಸಾಯಬಮ್ಮನ ಹೊಸ್ತಿಲ ಮುಂದೆ ನಿಂತಿದ್ದರು. ಸಾಯಬಮ್ಮ ತಟ್ಟೆ ತರದೆ ಬೆಪ್ಪಾಗಿ ನೋಡುತ್ತಿದ್ದಳು.

"ಹೆಜ್ಜಿ ಕಡಬೇನ ಭೀಮಕ್ಕ? ನಿಮ್ಮನ್ಯಾಗ ಯಾರ ಹೆಜ್ಜಿ ಹಾಕ್ಯಾರ?"

"ನನ್ನ ಸೊಸಿ ಹಾಕ್ಯಾಳ" ಅಂದರು ಅತ್ತೆ, ನೆಲ ನೋಡುತ್ತ. "ತಟ್ಟಿ ಹಿಡಿ."

ನಾನು ಅವರ ಹಿಂದೆಯೇ ಇದ್ದೆ. ಅವರು ತಿರುಗಿದರು, ನನ್ನ ಕಾಲು ನೋಡಿದರು. ಬೆರಳ ಸಂದಿಯಲ್ಲಿ ಬೂದಿ ಇತ್ತು. ನಾನು ಅಲ್ಲೇ ಓಣಿಯಲ್ಲಿ, ಸಾಯಬಮ್ಮನ ಕಟ್ಟೆಯ ಕೆಳಗೆ, ನೆಲದ ಮೇಲೆ ಕೂತೆ. ಮೊರದಿಂದ ಒಂದು ಕಡಬು ತೆಗೆದು ತಿಂದೆ. ಬೆಲ್ಲ ಸ್ವಲ್ಪ ಹೆಚ್ಚಾಗಿದೆ ಅಂದೆ ಅತ್ತೆಗೆ, ಅವರ ಮುಖ ನೋಡಿ.